ಹಲ್ಲಣ್ಣ ಕೊಂಡ ಸ್ಪೀಕರ್ ಪೆಟ್ಟಿಗೆ

ನನ್ನ ತಮ್ಮ ಮೂವತ್ತೊಂದು ವರ್ಷದಿಂದ ಹಲ್ಲು ಮಾಡುತ್ತಿದ್ದಾನೆ. ಅವನು ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ತಯಾರಿಸಿ ಕೊಡುತ್ತಾನೆ. ಅಂಗಡಿಬೀದಿಯ ಹಿಂದಿನ ಓಣಿಯಲ್ಲಿ ಅವನದೊಂದು ಕೋಣೆ ಇದೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಮೇಣ, ಸ್ಪಿರಿಟ್ ದೀಪ, ಒಸಡಿನ ಬಣ್ಣದ ಪುಡಿ ತುಂಬಿದ ಡಬ್ಬಿಗಳು, ಒಂದು ಮೂಲೆಗೆ ಉಜ್ಜುವ ಯಂತ್ರ. ಗೋಡೆಯ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತವೆ. ಮನೆಗೆ ಬಂದ ನೆಂಟರ ಹೆಸರು ಅವನಿಗೆ ನೆನಪಿರುವುದಿಲ್ಲ, ಅವರ ಕೋರೆಹಲ್ಲು ನೆನಪಿರುತ್ತದೆ. ಊರವರು ಅವನನ್ನು ಹಲ್ಲಣ್ಣ ಎನ್ನುತ್ತಾರೆ. ಅವನಿಗೆ ಅದರ ಬಗ್ಗೆ ಬೇಸರವಿಲ್ಲ.

ಅವನ ಕೆಲಸದಲ್ಲಿ ಒಂದು ನಿಯಮವಿದೆ. ಸೆಟ್ಟು ಮೇಜಿನ ಮೇಲೆ ಎಷ್ಟೇ ಚೆಂದ ಕಂಡರೂ ಅವನು ಅದನ್ನು ಸರಿಯಾಗಿದೆ ಎಂದು ಒಪ್ಪುವುದಿಲ್ಲ. "ಒಂದು ವಾರ ಹಾಕ್ಕೊಳ್ಳಿ. ಅಗೀರಿ, ಕೆಮ್ಮಿ, ಮನೆಯವರ ಜೊತೆ ಒಂದು ಜಗಳ ಆಡಿ. ಆಮೇಲೆ ಬಂದು ಹೇಳಿ," ಎನ್ನುತ್ತಾನೆ. ಜಗಳವಾಡುವಾಗ ಜಾರದ ಸೆಟ್ಟು ಮತ್ತೆಂದೂ ಜಾರುವುದಿಲ್ಲ ಎನ್ನುವುದು ಅವನ ಅನುಭವ. ಈ ನಿಯಮ ಅವನಿಗೆ ಎಷ್ಟು ಒಗ್ಗಿದೆಯೆಂದರೆ, ಚಪ್ಪಲಿ ಕೊಳ್ಳುವಾಗಲೂ ಅಂಗಡಿಯವರನ್ನು ಗೋಳು ಹೊಯ್ದುಕೊಳ್ಳುತ್ತಾನೆ.

ಉಜ್ಜುವ ಯಂತ್ರ ಸಣ್ಣ ದನಿಯಲ್ಲಿ ಚೀರುವ ಯಂತ್ರ. ಮೂವತ್ತೊಂದು ವರ್ಷ ಅದರ ಮುಂದೆ ಕಿವಿಗೆ ಏನೂ ಇಟ್ಟುಕೊಳ್ಳದೆ ಕೂತವನಿಗೆ ಕಿವಿ ಪೂರ್ತಿ ಉಳಿಯುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳು. ಪಕ್ಕದಲ್ಲೇ ಫೋನು ಕಿಣಿಗುಟ್ಟಿದರೂ ಅವನು ತಲೆ ಎತ್ತುವುದಿಲ್ಲ, ಬಾಗಿಲು ದಬದಬ ಬಡಿದರೆ ಏಳುತ್ತಾನೆ. ಪರೀಕ್ಷೆ ಮಾಡಿಸಿಕೋ ಎಂದು ನಾನು ಹತ್ತು ವರ್ಷದಿಂದ ಹೇಳುತ್ತಿದ್ದೆ. "ನಿನಗೆ ರಿಟೈರಾದ್ರೂ ಪಾಠ ಮಾಡೋ ಚಟ ಹೋಗಿಲ್ಲ ಅಕ್ಕ," ಎಂದು ಅವನು ಮಾತು ಮುಗಿಸುತ್ತಿದ್ದ. ನಾನು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವಳು. ಮನೆಯಲ್ಲಿ ನನ್ನ ಪಾಠ ಯಾರೂ ಕೇಳಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅವನು ಗಿಟಾರ್ ಹಿಡಿದ. ಆಮೇಲೆ ಬಿಡಲಿಲ್ಲ. ವಾರಕ್ಕೆ ಆರು ದಿನ ಹಲ್ಲು, ಶನಿವಾರ ಸಂಜೆ ಗಿಟಾರ್. ಅವನ ತಂಡದಲ್ಲಿ ಐದು ಜನ: ಹಾಡುವವಳು, ಡ್ರಮ್ಮಿನವನು, ಕೀಬೋರ್ಡಿನವನು, ನನ್ನ ತಮ್ಮ, ಮತ್ತು ಮಿಕ್ಸರ್ ಮುಂದೆ ಕೂತು ಎಲ್ಲರ ಸದ್ದನ್ನೂ ಹದ ಮಾಡಿ ಸಭೆಗೆ ಕೊಡುವ ಗೆಳೆಯ. ಈ ಗೆಳೆಯನನ್ನು ತಂಡದವರು ಕಿವಿ ಎಂದು ಕರೆಯುತ್ತಿದ್ದರು. ಯಾವ ತಂತಿ ಎಳ್ಳಷ್ಟು ಸಡಿಲಾಗಿದೆ ಎಂದು ಸಭಾಂಗಣದ ಆ ತುದಿಯಿಂದ ಹೇಳಬಲ್ಲವನೆಂದು ಆ ಹೆಸರು. ನನ್ನ ತಮ್ಮ ಮತ್ತು ಅವನು ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ನಮ್ಮ ಮನೆಯಲ್ಲಿ ಕಿವಿ ಬಾಗಿಲು ತಟ್ಟಿ ಒಳಗೆ ಬಂದದ್ದಿಲ್ಲ, ನೇರವಾಗಿ ಅಡುಗೆಮನೆಗೆ ಹೋಗಿ ಏನಿದೆ ಎಂದು ಮುಚ್ಚಳ ತೆಗೆದು ನೋಡುವವನು.

ಮೂರು ವರ್ಷದ ಹಿಂದೆ ತಮ್ಮನಿಗೆ ಬೆನ್ನುನೋವು ಶುರುವಾಯಿತು. ಅವನಲ್ಲಿದ್ದ ಹಳೆಯ ಗಿಟಾರ್ ಆಂಪ್ಲಿಫೈಯರ್ ಒಂದು ಸಣ್ಣ ಬೀರುವಿನಷ್ಟು ಭಾರ. ಕಿವಿ ಒಂದು ದಿನ ಮನೆಗೆ ಬಂದು, "ಅದನ್ನ ಮಾರಿಬಿಡು ಮಾರಾಯ. ಈಗ ಊಟದ ಡಬ್ಬಿಯಷ್ಟು ಆಂಪ್ ಬಂದಿದೆ. ಯಾವ ದೊಡ್ಡ ಆಂಪ್‌ನ ಸದ್ದು ಬೇಕೋ ಅದನ್ನೇ ನಕಲು ಮಾಡುತ್ತೆ. ಅದರಿಂದ ಒಂದು ವೈರು ನನ್ನ ಮಿಕ್ಸರಿಗೆ ಕೊಡು, ಮಿಕ್ಕಿದ್ದು ನನಗೆ ಬಿಡು," ಎಂದ. ತಮ್ಮ ಹಾಗೇ ಮಾಡಿದ. ಹಳೆಯದು ಹೋಯಿತು, ಮಾಡೆಲಿಂಗ್ ಆಂಪ್ ಎಂಬ ಪುಟ್ಟ ಪೆಟ್ಟಿಗೆ ಬಂತು. ಅದರ ಸದ್ದು ವೈರಿನಲ್ಲಿ ಮಿಕ್ಸರಿಗೆ ಹೋಗುತ್ತಿತ್ತು. ಅಲ್ಲಿಂದ ಎರಡು ದಾರಿ: ಒಂದು ಸಭೆಯ ದೊಡ್ಡ ಸ್ಪೀಕರುಗಳಿಗೆ, ಇನ್ನೊಂದು ವೇದಿಕೆಯ ಮೇಲೆ ತಮ್ಮನ ಕಾಲ ಬಳಿ ಇಟ್ಟಿದ್ದ ಸಣ್ಣ ಸ್ಪೀಕರಿಗೆ, ಅವನು ತನ್ನದನ್ನು ತಾನು ಕೇಳಿಕೊಳ್ಳಲೆಂದು. ಎರಡನ್ನೂ ಬೇರೆ ಬೇರೆಯಾಗಿ ಏರಿಸಬಹುದು, ಇಳಿಸಬಹುದು. ಇದನ್ನು ನಾನು ಇಲ್ಲಿ ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ಬೆನ್ನು ಸುಧಾರಿಸಿತು, ಆದರೆ ತಮ್ಮನಿಗೆ ಸಮಾಧಾನವಾಗಲಿಲ್ಲ. ಹಳೆಯ ಆಂಪ್ ಮುಂದೆ ನಿಂತರೆ ಮೊಣಕಾಲ ಹಿಂದೆ ಪ್ಯಾಂಟಿನ ಬಟ್ಟೆ ಅದುರುತ್ತಿತ್ತಂತೆ. ಈಗ ಕಾಲ ಬಳಿಯ ಸ್ಪೀಕರಿನಿಂದ ಬರುವ ಸದ್ದಿಗೆ ಮೈಯೇ ಇಲ್ಲ, ಫೋನಿನಲ್ಲಿ ಯಾರೋ ನುಡಿಸಿದ ಹಾಗಿದೆ ಎಂದು ಗೊಣಗುತ್ತಿದ್ದ. ಕೊನೆಗೆ, ತನ್ನದೇ ಪವರ್ ಇರುವ ಒಳ್ಳೆಯ ಸ್ಪೀಕರ್ ಪೆಟ್ಟಿಗೆಯೊಂದನ್ನು ಕೊಂಡು, ಪುಟ್ಟ ಆಂಪನ್ನು ಅದಕ್ಕೆ ಸಿಕ್ಕಿಸಿ, ಪಕ್ಕದಲ್ಲಿಟ್ಟುಕೊಂಡು ನುಡಿಸಬೇಕು ಎಂದು ತೀರ್ಮಾನಿಸಿದ. ತನ್ನ ಗಿಟಾರ್ ಕೊನೆಯ ಸಾಲಿನವರಿಗೂ ಸರಿಯಾಗಿ ಕೇಳಬೇಕು, ಅವನಿಗೆ ಬೇಕಾದ್ದು ಅಷ್ಟೇ. ಆರಿಸಲು ನನ್ನನ್ನೂ ಕರೆದ. "ನೀನು ಲೆಕ್ಕ ನೋಡು, ನಾನು ಸದ್ದು ನೋಡ್ತೀನಿ," ಎಂದ. ಕಿವಿಯೂ ಬಂದ. ಕರೆಯದೆ ಬಂದ.

ವಾದ್ಯದ ಅಂಗಡಿಯವರು ದಪ್ಪ ಕನ್ನಡಕದ ನಿಧಾನದ ಮನುಷ್ಯ. ಅವರ ಮುಂದಿನ ಎರಡು ಹಲ್ಲು ತಮ್ಮನ ಕೈಕೆಲಸ, ಹಾಗಾಗಿ ನಮಗೆ ಕುರ್ಚಿ ಸಿಕ್ಕಿತು. ಅವರು ಮೂರು ಪೆಟ್ಟಿಗೆ ತೋರಿಸಿದರು. ಮೊದಲನೆಯದು ಗಿಟಾರಿಗೆಂದೇ ಮಾಡಿದ್ದು, ಹಳೆಯ ಆಂಪ್‌ನ ಹಾಗೆ ಬಟ್ಟೆಯ ಮುಖ, ನೋಡಲು ಬಲು ಚೆಂದ. ಎರಡನೆಯದು ಕಪ್ಪು ಪ್ಲಾಸ್ಟಿಕ್ಕಿನದು, ಹನ್ನೆರಡು ಇಂಚಿನದು, ಮುಖದಲ್ಲಿ ಕಳೆಯೇ ಇಲ್ಲ. ಮೂರನೆಯದು ಎಂಟು ಇಂಚಿನ ಕುಳ್ಳ ಪೆಟ್ಟಿಗೆ, ನೆಲದ ಮೇಲೆ ಓರೆಯಾಗಿ ಕೂರುವಂಥದ್ದು.

ತಮ್ಮ ಮೊದಲನೆಯದರ ಹತ್ತಿರವೇ ನಿಂತ. ಬಟ್ಟೆಯ ಮೇಲೆ ಕೈಯಾಡಿಸಿದ.

"ಅದು ಬೇಡ," ಎಂದರು ಅಂಗಡಿಯವರು.

"ಯಾಕೆ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ. ನಿಮಗಲ್ಲ. ನಿಮ್ಮ ಪುಟ್ಟ ಆಂಪ್ ಇದೆಯಲ್ಲ, ಅದು ಬರೀ ಆಂಪನ್ನಲ್ಲ, ಸ್ಪೀಕರ್ ಪೆಟ್ಟಿಗೆಯನ್ನೂ ಒಳಗೇ ನಕಲು ಮಾಡಿ ಕಳಿಸುತ್ತೆ. ಅದನ್ನ ತಗೊಂಡು ಹೋಗಿ ಇನ್ನೊಂದು ಗಿಟಾರ್ ಪೆಟ್ಟಿಗೆಗೆ ಹಾಕಿದ್ರೆ ಪೆಟ್ಟಿಗೆ ಒಳಗೆ ಪೆಟ್ಟಿಗೆ. ಕಂಬಳಿ ಹೊದ್ದು ಮಾತಾಡ್ದಂಗೆ ಕೇಳುತ್ತೆ."

"ಹಲ್ಲಿನ ಮೇಲೆ ಹಲ್ಲು ಕಟ್ಟಿದ ಹಾಗೆ," ಎಂದ ತಮ್ಮ.

"ನಿಮಗೆ ಎಲ್ಲದರಲ್ಲೂ ಹಲ್ಲೇ ಕಾಣ್ಸುತ್ತೆ. ಆದ್ರೆ ಹೌದು, ಹಾಗೇ. ನಿಮಗೆ ಬೇಕಾಗಿರೋದು ತನ್ನದು ಅಂತ ಏನೂ ಸೇರಿಸದೆ, ಬಂದಿದ್ದನ್ನ ಬಂದ ಹಾಗೆ ದೊಡ್ಡದು ಮಾಡೋ ಪೆಟ್ಟಿಗೆ." ಅವರು ಕಪ್ಪನೆಯದನ್ನು ತೋರಿಸಿದರು.

ಕಿವಿ ಕುಳ್ಳ ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿದ. "ಇದು ಸಾಕು ಕಣೋ. ಕಾಲ ಹತ್ತಿರ ಇಟ್ಕೋ, ನಿನ್ನ ಮುಖಕ್ಕೆ ನೇರ ಬರುತ್ತೆ. ನಿನಗೊಬ್ಬನಿಗೆ ಕೇಳಿದ್ರೆ ಆಯ್ತಲ್ಲ. ಸಭೆಗೆ ನಾನಿದ್ದೀನಿ."

"ಹನ್ನೆರಡು ಇಂಚಿಂದು ಸಭೆಗೂ ಕೇಳುತ್ತಲ್ಲೋ."

"ಕೇಳುತ್ತೆ. ಆಮೇಲೆ ನನ್ನ ಹದ ಕೆಡುತ್ತೆ. ವೇದಿಕೆಯಿಂದ ಒಂದು ಸದ್ದು, ನನ್ನ ಸ್ಪೀಕರಿಂದ ಒಂದು ಸದ್ದು, ಹಾಡೋ ಅಕ್ಕ ನನ್ನ ತಲೆ ತಿಂತಾಳೆ. ಅದನ್ನ ಹೊರೋದು ಬೇರೆ. ನಿನ್ನ ಬೆನ್ನು ನಿನಗೆ ಮರೆತು ಹೋಯ್ತಾ?"

ಅವನ ವಾದದಲ್ಲಿ ತಪ್ಪಿರಲಿಲ್ಲ. ನಾನೂ ತಲೆಯಾಡಿಸಿದೆ ಎಂದು ನೆನಪು. ತಮ್ಮ ಎರಡು ಪೆಟ್ಟಿಗೆಗಳ ನಡುವೆ ಕಾಲು ಗಂಟೆ ಓಡಾಡಿದ. ಆಮೇಲೆ ತನ್ನ ಹಳೆಯ ನಿಯಮಕ್ಕೆ ಬಂದ.

"ಬಾಯಿಗೆ ಹಾಕಿ ನೋಡದೆ ಹೇಳೋಕಾಗಲ್ಲ. ಶನಿವಾರ ಒಂದು ಕಂಪನಿಯವರ ಪಾರ್ಟಿ ಇದೆ. ಕಪ್ಪಂದನ್ನ ಒಂದು ದಿನಕ್ಕೆ ಕೊಡಿ. ಅಲ್ಲೇ ವೇದಿಕೆ ಮೇಲಿಟ್ಟು ನುಡಿಸಿ ನೋಡ್ತೀನಿ."

ಅಂಗಡಿಯವರು ಒಪ್ಪಿದರು. ಕಿವಿ, "ಸುಮ್ನೆ ದಂಡ," ಎಂದ. ಅಂದರೂ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ವ್ಯಾನಿನಲ್ಲಿಟ್ಟ. ತಮ್ಮನಿಗೆ ಮುಟ್ಟಲು ಬಿಡಲಿಲ್ಲ.

ಶನಿವಾರದ ಪಾರ್ಟಿ ಸಂಜೆ ಐದಕ್ಕೆ. ನಾವು ಒಂದು ಗಂಟೆಗೇ ಹಾಲಿನಲ್ಲಿದ್ದೆವು. ಮುನ್ನೂರು ಕುರ್ಚಿಯ ಉದ್ದನೆಯ ಹಾಲ್, ಒಂದು ತುದಿಗೆ ವೇದಿಕೆ, ನಡುವೆ ಮಿಕ್ಸರಿನ ಮೇಜು. ಒಬ್ಬ ಹೆಂಗಸು ಒಂದೊಂದೇ ಕುರ್ಚಿಗೆ ಬಿಳಿ ಬಟ್ಟೆ ತೊಡಿಸುತ್ತ ಬರುತ್ತಿದ್ದಳು. ವೈರುಗಳನ್ನೆಲ್ಲ ಹಾಕಿ ಮುಗಿಸಿದ ಮೇಲೆ ಕಿವಿ ವ್ಯಾನ್ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಗೇಟಿನ ಕಾವಲಿನವನು ಅಲ್ಲಿ ನಿಲ್ಲಿಸಬೇಡಿ ಎಂದು ಆಗಲೇ ಎರಡು ಸಲ ಬಂದು ಹೇಳಿದ್ದ.

"ಅಕ್ಕ, ನೀನು ಕೊನೇ ಸಾಲಿಗೆ ಹೋಗಿ ಕೂತ್ಕೋ," ಎಂದ ತಮ್ಮ. "ಮೊದಲು ಹೊಸ ಪೆಟ್ಟಿಗೆ ಇಲ್ಲದೆ, ಯಾವಾಗಲೂ ಇರೋ ಹಾಗೆ ನುಡಿಸ್ತೀವಿ. ಆಮೇಲೆ ಪೆಟ್ಟಿಗೆ ಹಾಕಿ. ಎರಡಕ್ಕೂ ಏನು ವ್ಯತ್ಯಾಸ ಹೇಳು."

"ಎಲ್ಲರೂ ಒಟ್ಟಿಗೆ ನುಡಿಸಿದರೆ ನನಗೆ ಏನು ತಿಳಿಯುತ್ತೆ? ಒಂದು ಸಲಕ್ಕೆ ಒಂದನ್ನೇ ಅಳೆಯಬೇಕು. ನೀನೊಬ್ಬನೇ ನುಡಿಸು."

ಹಾಡುವವಳು ನೀರಿನ ಬಾಟಲಿ ಕೆಳಗಿಟ್ಟು, "ಕಿವಿ ಬರಲಿ ಬಿಡಿ," ಎಂದಳು. ಕೀಬೋರ್ಡಿನವನು, "ಹೌದು, ಅವನು ಬರಲಿ," ಎಂದ. ಇಷ್ಟು ಸಣ್ಣ ಕೆಲಸಕ್ಕೆ ಇವರಿಬ್ಬರೂ ಯಾಕೆ ಅವನಿಗಾಗಿ ಕಾಯಿಸುತ್ತಿದ್ದಾರೆ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ನಾನು ಕೊನೆಯ ಸಾಲು ತಲುಪಿದ್ದೆ.

ತಮ್ಮ ತಲೆ ಬಗ್ಗಿಸಿ ನುಡಿಸತೊಡಗಿದ. ಬೆರಳು ಓಡುತ್ತಿದ್ದುದು ನನಗೆ ಕಾಣುತ್ತಿತ್ತು. ಕೇಳುತ್ತಿದ್ದುದು ದೂರದಲ್ಲಿ ಯಾರೋ ತಗಡಿನ ಡಬ್ಬಿಯೊಳಗೆ ಕಾಳು ಅಲ್ಲಾಡಿಸಿದಂಥ ಸಣ್ಣ ಸದ್ದು ಮಾತ್ರ.

"ಸ್ವಿಚ್ ಹಾಕಿದ್ದೀಯಾ?" ಎಂದು ಕೂಗಿದೆ.

"ಹಾಕಿದ್ದೀನಿ. ನನ್ನ ಕಾಲ ಹತ್ರ ಜೋರಾಗಿ ಬರ್ತಿದೆಯಲ್ಲ."

"ಇಲ್ಲಿಗೆ ಏನೂ ಬರ್ತಿಲ್ಲ."

ಅವನು ನಕ್ಕ. "ನಿನ್ನ ಕಿವೀನೂ ಹೋಯ್ತಾ ಅಕ್ಕ?"

ಕೀಬೋರ್ಡಿನವನಿಗೆ ಒಂದು ಸ್ವರ ಒತ್ತಲು ಹೇಳಿದೆ. ಅವನು ಒತ್ತಲಿಲ್ಲ. ಮತ್ತೊಮ್ಮೆ ಹೇಳಿದೆ, ಕಾಲೇಜಿನಲ್ಲಿ ಹೇಳುತ್ತಿದ್ದ ದನಿಯಲ್ಲಿ. ಒತ್ತಿದ. ಹಾಲಿನ ನಾಲ್ಕು ಮೂಲೆಯೂ ತುಂಬುವಂತೆ ಸ್ವರ ಬಂತು, ಗಿಟಾರಿನ ಸ್ವರ. ಅವನ ವಾದ್ಯ ನೂರೆಂಟು ವಾದ್ಯಗಳ ದನಿ ಹೊರಡಿಸಬಲ್ಲದು, ಗಿಟಾರ್ ಅದರಲ್ಲೊಂದು. ತಂಡದ ಎಲ್ಲ ಹಾಡುಗಳಲ್ಲೂ ಅವನು ತಮ್ಮನ ಭಾಗವನ್ನು ಜೊತೆಜೊತೆಗೆ ನುಡಿಸುತ್ತಾನೆ ಎಂಬುದು ತಮ್ಮನಿಗೂ ಗೊತ್ತಿತ್ತು. ಸದ್ದು ದಪ್ಪ ಬರಲಿ ಎಂದು ಹಾಗೆ ಮಾಡುವುದು ಎಂದು ಕಿವಿ ಹೇಳಿದ್ದ.

ನಾನು ಎದ್ದು ಮಿಕ್ಸರಿನ ಮೇಜಿಗೆ ಹೋದೆ. ಸಭೆಗೆ ಹೋಗುವ ಸದ್ದನ್ನು ಏರಿಸಲು ಇಳಿಸಲು ಮೇಲಕ್ಕೂ ಕೆಳಕ್ಕೂ ಸರಿಸುವ ಗುಂಡಿಗಳು ಸಾಲಾಗಿದ್ದವು, ಪ್ರತಿಯೊಂದರ ಕೆಳಗೂ ಯಾರದೆಂದು ಬರೆದ ಚೀಟಿ. "ಹಲ್ಲು" ಎಂದು ಬರೆದಿದ್ದ ಕಡೆ ಗುಂಡಿ ತಳಕ್ಕೆ ಇಳಿದಿತ್ತು. ತಪ್ಪಿಯೂ ಕೈ ತಾಗಿ ಮೇಲೇರದಿರಲೆಂದು ಅದು ಸರಿಯುವ ಸೀಳಿನ ಮೇಲೆ ಕಾಗದದ ಟೇಪ್ ಅಂಟಿಸಿದ್ದರು. ಟೇಪಿನ ಅಂಚು ಕಂದುಬಣ್ಣಕ್ಕೆ ತಿರುಗಿ ಧೂಳು ಕಚ್ಚಿಕೊಂಡಿತ್ತು. ಅಕ್ಕಪಕ್ಕದ ಗುಂಡಿಗಳು ಬೆರಳು ತಾಗಿ ತಾಗಿ ನುಣುಪಾಗಿದ್ದವು, ಇದರ ಮೇಲೆ ಹೊಸದಾಗಿದ್ದಾಗಿನ ಬಿಳಿ ಗೆರೆ ಹಾಗೇ ಉಳಿದಿತ್ತು.

ತಮ್ಮ ಗಿಟಾರನ್ನು ಹೆಗಲಿನಿಂದ ಇಳಿಸದೆಯೇ ಬಂದು ನೋಡಿದ. ಎಷ್ಟು ಹೊತ್ತು ನೋಡಿದನೋ ಗೊತ್ತಿಲ್ಲ. ಆಗ ಕಿವಿ ವ್ಯಾನಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಒಳಗೆ ಬಂದ, ನಮ್ಮನ್ನು ನೋಡಿ ನಿಂತ.

"ಈ ಟೇಪು ಯಾವಾಗಿಂದು?" ಎಂದ ತಮ್ಮ.

"ಅದು ಹಳೇದು."

"ಎಷ್ಟು ಹಳೇದು?"

ಕೀಬೋರ್ಡಿನವನು ತನ್ನ ವೈರು ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು.

"ಡಾಕ್ಟರುಗಳ ಸಂಘದ ಪಾರ್ಟಿ ಆಯ್ತಲ್ಲ," ಎಂದ ಕಿವಿ. "ನೀನು ಆ ಸಣ್ಣ ಆಂಪ್ ತಗೊಂಡ ಹೊಸದು. ಆವತ್ತು ನಿನ್ನ ಗಿಟಾರು ಜನರ ಕಿವಿಗೆ ಸೂಜಿ ಹಾಕ್ತಿತ್ತು ಕಣೋ. ಮೇಲಿನ ಸ್ವರ ನಿನಗೆ ಕೇಳಲ್ಲ, ಅದನ್ನ ಜೋರು ಮಾಡೋ ಟ್ರೆಬಲ್ ಗುಂಡಿ ಏರಿಸ್ತಾನೇ ಹೋಗ್ತಿ. ಮುಂದಿನ ಸಾಲಿನವರು ಎದ್ದು ಹಿಂದೆ ಹೋದ್ರು. ಮಾರನೇ ದಿನ ಇವರೆಲ್ಲ ನಿನ್ನನ್ನ ಬಿಡ್ಸೋಣ ಅಂದ್ರು. ಬೇಡ, ನಾನು ನೋಡ್ಕೋತೀನಿ ಅಂದವನು ನಾನು. ನಿನ್ನನ್ನ ಉಳಿಸ್ಕೊಂಡಿದ್ದೇ ನಾನು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ."

"ಹೋಗ್ತಿದ್ದೆ. ಇಲ್ಲಾಂದ್ರೆ ಟ್ರೆಬಲ್ ಇಳಿಸ್ತಿದ್ದೆ. ಎರಡರಲ್ಲಿ ಯಾವುದು ಅಂತ ನಾನು ತೀರ್ಮಾನ ಮಾಡ್ಬೇಕಿತ್ತು, ನೀನಲ್ಲ." ಅವನ ದನಿ ಏರಿರಲಿಲ್ಲ. "ನನ್ನ ಹತ್ರ ಬಂದವರಿಗೆ ನಾನು ಮೇಣದ ಹಲ್ಲು ಕೊಟ್ಟು ಮೂರು ವರ್ಷ ಇದರಲ್ಲೇ ಅಗೀರಿ ಅಂದಿದ್ದೀನೇನೋ?"

"ನಿನಗೆ ಏನು ಕಮ್ಮಿ ಆಯ್ತು? ನುಡಿಸ್ದೆ, ಜನ ಚಪ್ಪಾಳೆ ಹೊಡೆದ್ರು."

"ಯಾರಿಗೆ?"

ಕಿವಿ ಬೀಗದ ಕೈಯನ್ನು ಜೇಬಿಗೆ ಹಾಕಿದ. ಆಮೇಲೆ ಇನ್ನೊಂದು ಮಾತು ಹೇಳಿದ. ಹೇಳಬಾರದಿತ್ತು, ಆದರೆ ಸಿಕ್ಕಿಬಿದ್ದವನು ತನ್ನೊಂದಿಗೆ ಇನ್ನೊಬ್ಬರನ್ನು ಎಳೆದುಕೊಳ್ಳುತ್ತಾನೆ. "ನಾನೊಬ್ಬನೇ ಕೆಟ್ಟವನಲ್ಲ. ಅತ್ತಿಗೆನ ಕೇಳಿಯೇ ಮಾಡಿದ್ದು. ಮನೇಗೆ ಹೋಗಿ ಕೇಳು."

ಅತ್ತಿಗೆ ಎಂದರೆ ತಮ್ಮನ ಹೆಂಡತಿ. ಆ ಮಾತು ಕೇಳಿದ ಮೇಲೆ ತಮ್ಮ ಕಿವಿಯ ಕಡೆ ನೋಡುವುದನ್ನು ಬಿಟ್ಟ. ನನ್ನ ಕಡೆ ತಿರುಗಿದ.

"ಅಕ್ಕ, ಹೋದ ವರ್ಷ ಬಂದಿದ್ದೆಯಲ್ಲ. ನಿಧಾನದ ಹಾಡಿನ ನಡುವೆ ಬರೋ ತುಣುಕು ಚೆನ್ನಾಗಿತ್ತು, ನಿನ್ನ ಕೈ ಈಗ ಪಳಗಿದೆ ಅಂದೆ."

"ಅಂದಿದ್ದೆ."

"ನೀನು ಕೇಳಿದ್ದು ಇವನದು." ಅವನು ಕೀಬೋರ್ಡಿನವನನ್ನು ತೋರಿಸಿದ.

"ಹಾಗೇ ಕಾಣುತ್ತೆ. ನನಗೆ ಗೊತ್ತಿರಲಿಲ್ಲ."

"ನಿನಗೂ ಗೊತ್ತಾಗಲಿಲ್ಲ," ಎಂದ.

ನಾನು ಗಮನವಿಟ್ಟು ಕೇಳಿರಲಿಲ್ಲ. ಅವನ ಬೆರಳು ನೋಡಿಕೊಂಡು ಹೊಗಳಿದ್ದೆ. ಅದು ಸಣ್ಣ ತಪ್ಪಲ್ಲ.

ಹಾಡುವವಳು ವೇದಿಕೆಯಿಂದ ಇಳಿದು ಬಂದಳು. ಒಳ್ಳೆಯ ಹೆಂಗಸು, ಮೃದು ಮಾತಿನವಳು. "ಹಲ್ಲಣ್ಣ, ಬೇಜಾರು ಮಾಡ್ಕೋಬೇಡಿ. ನಾಳೆ ಎಲ್ಲರೂ ಕೂತು ಮಾತಾಡೋಣ. ಇವತ್ತೊಂದು ದಿನ ಹಾಗೇ ನಡೆದು ಹೋಗಲಿ."

ಟೇಪ್ ಕಂಡಾಗ ಬದಲಾಗದ ತಮ್ಮನ ಮುಖ ಈ ಮಾತಿಗೆ ಬದಲಾಯಿತು. ಹಾಗೇ ನಡೆಯಲಿ ಎಂದರೆ ಈಗ ಗೊತ್ತಿದ್ದೂ ನಿಂತು ಬೆರಳಾಡಿಸು ಎಂದರ್ಥ. ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ.

ಅವನು ವೇದಿಕೆಗೆ ಹೋದ. ತನ್ನ ಆಂಪಿನಿಂದ ಮಿಕ್ಸರಿಗೆ ಹೋಗುತ್ತಿದ್ದ ವೈರನ್ನು ಕಿತ್ತು, ಮೊಣಕೈಗೂ ಅಂಗೈಗೂ ಸುತ್ತಿ ಸುರುಳಿ ಮಾಡಿ, ತಂದು ಕಿವಿಯ ಮೇಜಿನ ಮೇಲಿಟ್ಟ. ಆಮೇಲೆ ಕಪ್ಪು ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲೆ ಏರಿಸಿ, ಅದರ ಮುಖವನ್ನು ಸಭೆಯ ಕಡೆಗೆ ತಿರುಗಿಸಿದ. ಆಂಪ್ ಸಿಕ್ಕಿಸಿ ಒಂದು ಸಲ ತಂತಿಗಳ ಮೇಲೆ ಕೈ ಎಳೆದ. ಕಿವಿ ಹೇಳಿದ್ದರಲ್ಲಿ ಒಂದು ಮಾತಂತೂ ನಿಜ: ನನ್ನ ಹಲ್ಲು ಜುಮ್ಮೆಂದಿತು.

"ಚುಚ್ಚುತ್ತೆ," ಎಂದೆ. "ಟ್ರೆಬಲ್ ಇಳಿಸು."

"ನೀನು ಹೇಳಬೇಡ ಅಕ್ಕ." ಕುರ್ಚಿಗೆ ಬಟ್ಟೆ ತೊಡಿಸುತ್ತಿದ್ದ ಹೆಂಗಸನ್ನು ಕರೆದ. "ಇಲ್ಲಿ ನೋಡಮ್ಮ, ಈ ಸದ್ದು ಹೇಗಿದೆ?"

ಅವಳು ಕೈಯಲ್ಲಿ ನಾಲ್ಕು ಬಟ್ಟೆ ಹಿಡಿದುಕೊಂಡು ನಿಂತಳು. "ನನ್ನನ್ನಾ ಕೇಳ್ತಿರೋದು? ನನಗೆ ಸಂಗೀತ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಒಳ್ಳೇದಾಯ್ತು. ನಿನ್ನ ಕಿವಿಗೆ ಹೇಗಿದೆ ಹೇಳು."

"ಹಲ್ಲು ಕೊರಿಯೋ ಮಿಷನ್ನು ಇದ್ದಂಗಿದೆ ಅಣ್ಣ. ದವಡೆ ನೋಯುತ್ತೆ."

ಡ್ರಮ್ಮಿನವನು ನಗು ತಡೆಯಲಾರದೆ ಕೆಮ್ಮಿದ. ಅವಳಿಗೆ ತಮ್ಮನ ಕಸುಬು ಗೊತ್ತಿರಲಿಲ್ಲ. ತಮ್ಮ ಗುಂಡಿ ತುಸು ಇಳಿಸಿ ಮತ್ತೆ ನುಡಿಸಿದ. "ಈಗ?" "ಈಗಲೂ ಅದೇ." ಮತ್ತೆ ಇಳಿಸಿದ. "ಈಗ?" "ಈಗ ಸ್ವಲ್ಪ ವಾಸಿ." ಅವಳನ್ನು ಕೊನೆಯ ಸಾಲಿಗೂ ಕಳಿಸಿದ, ಪಕ್ಕದ ಬಾಗಿಲ ಹತ್ತಿರವೂ ನಿಲ್ಲಿಸಿದ. ಹೀಗೆ ಅರ್ಧ ಗಂಟೆ ನಡೆಯಿತು. ಅವಳು ಬಟ್ಟೆ ತೊಡಿಸುತ್ತಲೇ ಉತ್ತರ ಹೇಳುತ್ತಿದ್ದಳು. ಕೊನೆಗೆ, "ಹಾಂ, ಈಗ ಕೇಳೋ ಹಾಗಿದೆ," ಎಂದಾಗ ಟ್ರೆಬಲ್ ಗುಂಡಿ ಅವನು ಯಾವಾಗಲೂ ಇಡುತ್ತಿದ್ದ ಜಾಗದಿಂದ ಅರ್ಧಕ್ಕಿಂತ ಕೆಳಗಿತ್ತು.

ತಮ್ಮ ಅಲ್ಲೇ ಒಂದು ಹಾಡಿನ ತುಣುಕು ನುಡಿಸಿ ನೋಡಿಕೊಂಡ. "ನನಗೆ ಇದು ಗೋಡೆ ಆಚೆಯಿಂದ ಬಂದ ಹಾಗಿದೆ," ಎಂದ, ಯಾರಿಗೂ ಅಲ್ಲದ ಹಾಗೆ. ಆದರೂ ಗುಂಡಿಯನ್ನು ಮತ್ತೆ ಏರಿಸಲಿಲ್ಲ. ಸಭೆಗೆ ಸರಿಯಾಗಿ ಕೇಳಬೇಕಾದರೆ ತನಗೆ ಸರಿಯಾಗಿ ಕೇಳಬಾರದು ಎಂಬುದನ್ನು ಅವನು ಆ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಕಲಿತ. ಮೂರು ವರ್ಷದ ಹಿಂದೆ ಹೇಳಿದ್ದರೆ ಆಗಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಐದಕ್ಕೆ ಪಾರ್ಟಿ ಶುರುವಾಯಿತು. ಅವನು ನುಡಿಸಿದ. ಕೀಬೋರ್ಡಿನವನಿಗೆ, "ನನ್ನ ಭಾಗ ಮುಟ್ಟಬೇಡ," ಎಂದಷ್ಟೇ ಹೇಳಿದ್ದ. ನಾನು ಕೊನೆಯ ಸಾಲಿನಲ್ಲಿ ಕೂತು ಈ ಸಲ ಕಣ್ಣು ಮುಚ್ಚಿ ಕೇಳಿದೆ. ಮೂರನೆಯ ಹಾಡಿನಲ್ಲಿ ಅವನು ಅರ್ಧ ತಾಳ ಮೊದಲೇ ಬಂದುಬಿಟ್ಟ, ಅದು ಎಲ್ಲರಿಗೂ ಕೇಳಿಸಿತು, ಮುಂದಿನ ಸಾಲಿನಲ್ಲಿ ತಟ್ಟೆ ಹಿಡಿದಿದ್ದ ಒಬ್ಬ ಮನುಷ್ಯ ತಿನ್ನುವುದು ನಿಲ್ಲಿಸಿ ವೇದಿಕೆ ನೋಡಿದ. ನಿಧಾನದ ಹಾಡಿನ ತುಣುಕು ಕೀಬೋರ್ಡಿನವನಷ್ಟು ನುಣುಪಾಗಿ ಬರಲಿಲ್ಲ. ನನ್ನ ತಮ್ಮ ದೊಡ್ಡ ವಾದಕನಲ್ಲ, ಎಂದೂ ಆಗಿರಲಿಲ್ಲ. ಕೆಲವು ಕಡೆ ಚೆನ್ನಾಗಿ ನುಡಿಸಿದ, ಕೆಲವು ಕಡೆ ಸುಮಾರಾಗಿ. ಕೇಳಿಸಿದ್ದೆಲ್ಲ ಅವನದೇ.

ಕಾರ್ಯಕ್ರಮ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ಕಿವಿ ಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. "ಕೊಡೋ, ಬೆನ್ನು."

"ಬಿಡು," ಎಂದ ತಮ್ಮ. ತಾನೇ ಎತ್ತಿಕೊಂಡ. ಗೇಟಿನವರೆಗೆ ಮೂರು ಸಲ ಕೆಳಗಿಟ್ಟು ಸುಧಾರಿಸಿಕೊಂಡ. ಕಿವಿ ಬರಿಗೈಯಲ್ಲಿ ಹಿಂದೆ ಹಿಂದೆ ಬಂದು, ಬಾಡಿಗೆ ಕಾರು ಹೊರಡುವ ತನಕ ಅಲ್ಲೇ ನಿಂತಿದ್ದ. ಇಬ್ಬರೂ ಮತ್ತೆ ಮಾತಾಡಲಿಲ್ಲ. ಆಮೇಲೂ ಆಡಿಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಕಪ್ಪು ಪೆಟ್ಟಿಗೆ ಇತ್ತು. ಅಂಗಡಿಯವರಿಗೆ ಫೋನ್ ಮಾಡಿ ಇದು ನನಗೇ ಇರಲಿ ಎಂದು ಆಗಲೇ ಹೇಳಿದ್ದನಂತೆ. ತಮ್ಮ ಪೇಪರ್ ಓದುತ್ತಿದ್ದ. ಅವನ ಹೆಂಡತಿ ತಿಂಡಿ ಬಡಿಸುತ್ತ, "ನಿನ್ನೆ ಹೇಗಾಯ್ತು ಅಂತ ಇವರು ಬಾಯೇ ಬಿಡ್ತಿಲ್ಲ ಅಕ್ಕ," ಎಂದಳು.

"ಕೇಳಿಸ್ತು," ಎಂದ ತಮ್ಮ, ಪೇಪರಿನಿಂದ ಕಣ್ಣೆತ್ತದೆ. "ಮೂರು ವರ್ಷ ಆದ ಮೇಲೆ."

ಅವಳು ಸೌಟು ಪಾತ್ರೆಯಲ್ಲಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ಅಳಲಿಲ್ಲ. ಅಳುವ ಜಾತಿಯವಳಲ್ಲ. ನೇರವಾಗಿಯೇ ಹೇಳಿದಳು. "ಕಿವಿ ಬಂದು ಎರಡೇ ದಾರಿ ಇದೆ ಅಂದ. ನಿಮ್ಮನ್ನ ತಂಡದಿಂದ ಬಿಡಿಸೋದು, ಇಲ್ಲಾ ಇದು. ಶನಿವಾರ ಬಂದ್ರೆ ನೀವು ಬೆಳಿಗ್ಗೆಯಿಂದ ಶರ್ಟಿಗೆ ಇಸ್ತ್ರಿ ಮಾಡ್ಕೋತಾ ಸಿಳ್ಳೆ ಹಾಕ್ತೀರಿ. ಅದು ನಿಲ್ಲೋದು ಬೇಡ ಅನ್ನಿಸ್ತು. ಹೂಂ ಅಂದೆ."

"ನೀನು ಎಷ್ಟು ಕಾರ್ಯಕ್ರಮಕ್ಕೆ ಬಂದೆ?"

"ತುಂಬಾ."

"ಮುಂದಿನ ಸಾಲಲ್ಲಿ ಕೂತ್ಕೊಂಡು ನನ್ನನ್ನೇ ನೋಡ್ತಿದ್ದೆ."

"ನೋಡ್ತಿದ್ದೆ."

"ಗೊತ್ತಿದ್ದೂ."

"ಗೊತ್ತಿದ್ದೂ. ನನಗೆ ನೀವು ಖುಷಿಯಾಗಿರೋದು ಬೇಕಿತ್ತು."

"ಖುಷಿಯಾಗಿದ್ದೆ," ಎಂದ ತಮ್ಮ. "ನಿಮಗೆಲ್ಲ ನೋಡೋಕೆ ಹೇಗಿತ್ತೋ."

ಅವಳು ಮಾಡಿದ್ದು ಪ್ರೀತಿಯಿಂದ ಎನ್ನುವವರಿದ್ದಾರೆ. ಇರಬಹುದು. ಅರವತ್ತು ವರ್ಷದ ಮನುಷ್ಯನಿಗೆ ಆಟಿಕೆ ಕೊಟ್ಟು ಕೂರಿಸುವುದನ್ನು ಪ್ರೀತಿ ಎಂದು ನಾನು ಕರೆಯಲಾರೆ. ಕಿವಿಯನ್ನು ನಾನು ಬೈಯಬಲ್ಲೆ, ಬೈದಿದ್ದೇನೆ. ಇವಳನ್ನು ಬೈಯಲು ಹೋದರೆ ನಾನು ಹೊಗಳಿದ ಆ ತುಣುಕು ಅಡ್ಡ ಬರುತ್ತದೆ.

ಅವನು ತಂಡ ಬಿಟ್ಟ. ಕೊನೆಗೂ ತನ್ನ ಕಿವಿಗಳ ಪರೀಕ್ಷೆ ಮಾಡಿಸಿಕೊಂಡ, ವರದಿ ಮಡಿಸಿ ಜೇಬಿನಲ್ಲಿಟ್ಟುಕೊಂಡ, ಯಾರಿಗೂ ತೋರಿಸಲಿಲ್ಲ. ಮನೆಯಲ್ಲಿ ನುಡಿಸುವುದನ್ನು ನಿಲ್ಲಿಸಿದ. ಪೆಟ್ಟಿಗೆ ಈಗ ಅವನ ಕೆಲಸದ ಕೋಣೆಯಲ್ಲಿದೆ, ದವಡೆಗಳ ಹಲಗೆಯ ಕೆಳಗೆ. ಶನಿವಾರ ನಾಲ್ಕು ಗಂಟೆಗೆ ಯಂತ್ರ ಆರಿಸಿ, ಓಣಿಯ ಕಡೆಯ ಬಾಗಿಲು ತೆರೆದಿಟ್ಟು ಒಂದು ಗಂಟೆ ನುಡಿಸುತ್ತಾನೆ. ಪ್ರತಿ ಹಾಡಾದ ಮೇಲೂ ಹೊರಗೆ ಬಂದು, ಅಲ್ಲಿ ಯಾರಿದ್ದರೂ ಕೇಳುತ್ತಾನೆ: ಬೀಗ ರಿಪೇರಿಯವನನ್ನು, ಅಚ್ಚಿನ ಡಬ್ಬಿ ತಂದ ಆಸ್ಪತ್ರೆಯ ನೌಕರನನ್ನು, ದಾರಿ ಕೇಳಲು ನಿಂತ ಅಪರಿಚಿತರನ್ನು. "ಚುಚ್ಚುತ್ತಾ? ತಪ್ಪಿದ್ದು ಗೊತ್ತಾಯ್ತಾ?" ಗೊತ್ತಾಯ್ತು ಎಂದವರಿಗೆ ಚಹಾ ತರಿಸಿ ಕೊಡುತ್ತಾನೆ. ಬೀಗದವನಿಗೆ ಇದು ತಿಳಿದುಹೋಗಿ, ಈಗ ಪ್ರತಿ ಹಾಡಿನಲ್ಲೂ ಒಂದು ತಪ್ಪು ಹುಡುಕುತ್ತಾನೆ.

ಹೋದ ಶನಿವಾರ ನಾನು ಅಲ್ಲಿದ್ದೆ. ಓಣಿಯ ಆಚೆ ಬದಿ, ಬಟ್ಟೆ ಹೊಲಿಯುವ ಅಂಗಡಿಯ ಮೆಟ್ಟಿಲ ಮೇಲೆ ಅವನ ಹೆಂಡತಿ ಕೈಚೀಲ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ತಮ್ಮ ಹಾಡು ಮುಗಿಸಿ ಹೊರಗೆ ಬಂದ. ಬೀಗದವನನ್ನು ಕೇಳಿದ, ಹೊಲಿಗೆಯವನನ್ನು ಕೇಳಿದ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬನನ್ನು ನಿಲ್ಲಿಸಿ ಕೇಳಿದ. ಆಮೇಲೆ ಅವಳನ್ನು ನೋಡಿದ.

"ಮನೆಗೆ ಹೊರಟೆಯಾ? ಇರು, ಬೀಗ ಹಾಕಿ ಬರ್ತೀನಿ," ಎಂದ.

ಬೀಗ ಹಾಕಿದ. ಅವಳ ಕೈಚೀಲ ತಾನು ತೆಗೆದುಕೊಂಡ. ಇಬ್ಬರೂ ಓಣಿ ದಾಟಿ ಮನೆಯ ಕಡೆ ನಡೆದರು. ಹಾಡು ಹೇಗಿತ್ತೆಂದು ಅವನು ಅವಳನ್ನು ಕೇಳಲಿಲ್ಲ. ಅವಳೂ ಹೇಳಲಿಲ್ಲ.